ಎಲುಬು ಕೂಡಿದ ಮೇಲೂ ಉಳಿಯುವ ಹೆದರಿಕೆ

ಕೇಳುಗರಿಗೆ ನಮಸ್ಕಾರ. ಫಿಸಿಯೋಥೆರಪಿ ಎಂದೊಡನೆ ನಮ್ಮ ಕಾಸರಗೋಡಿನ ಕಡೆ ಹೆಚ್ಚಿನವರಿಗೆ ನೆನಪಾಗುವುದು ಕರೆಂಟು ಕೊಡುವ ಯಂತ್ರ ಮತ್ತು ಬಿಸಿ ಶಾಖ. ನಾನಿಂದು ಹೇಳಬಯಸುವುದು ಬೇರೆಯೇ ವಿಷಯ. ಮುರಿದ ಕಾಲಿಗೆ ಮಾಡಿಸುವ ವ್ಯಾಯಾಮವು ಕುಗ್ಗಿದ ಮನಸ್ಸಿಗೂ ಚಿಕಿತ್ಸೆಯಾಗುತ್ತದೆ. ಆದರೆ ಅದಕ್ಕೆ ಗಾಯಾಳು ತನ್ನ ಹೆದರಿಕೆಯನ್ನು ಫಿಸಿಯೋಥೆರಪಿ ಚಿಕಿತ್ಸಕರಾದ ನಮ್ಮಲ್ಲಿ ಬಾಯಿಬಿಟ್ಟು ಹೇಳಬೇಕು.

ಬದಿಯಡ್ಕದ ಆಚೆಯ ಹಳ್ಳಿಯೊಂದರಿಂದ ಒಬ್ಬ ಕಾರ್ಮಿಕರು ನನ್ನಲ್ಲಿಗೆ ಬರುತ್ತಿದ್ದರು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಅಡಿಕೆಮರ ಏರಿದ್ದವರು ಜಾರಿಬಿದ್ದು ತೊಡೆಯೆಲುಬು ಮುರಿದುಕೊಂಡಿದ್ದರು. ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ, ಎಲುಬು ಕೂಡಿ, ಪೂರ್ತಿ ಭಾರ ಹಾಕಬಹುದೆಂದು ವೈದ್ಯರು ಬರೆದುಕೊಟ್ಟಿದ್ದರೂ ಅವರು ಪಾದ ಊರಲು ಒಪ್ಪುತ್ತಿರಲಿಲ್ಲ. ನೆಂಟರು ಬಂದರೆ ಜಗಲಿಗೂ ಬಾರದೆ ಒಳಕೋಣೆಯಲ್ಲೇ ಮಲಗುತ್ತಿದ್ದ ಅವರನ್ನು ಮನೆಯವರು ಸೋಮಾರಿ ಎಂದು ತೀರ್ಮಾನಿಸಿಬಿಟ್ಟಿದ್ದರು. ಈ ಮಾತನ್ನು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಅದು ಸೋಮಾರಿತನವಲ್ಲ, ಚಲನೆಯ ಭಯ. ವೈದ್ಯಶಾಸ್ತ್ರ ಅದಕ್ಕೆ ಕೈನೀಸಿಯೋಫೋಬಿಯಾ ಎಂದು ಹೆಸರನ್ನೇ ಇಟ್ಟಿದೆ. ಭಯದಿಂದ ಕಾಲು ಅಲುಗಿಸದಿದ್ದರೆ ತೊಡೆಯ ಸ್ನಾಯು ಸೊರಗುತ್ತದೆ, ಸೊರಗಿದ ಸ್ನಾಯು ಹೆಚ್ಚು ನೋಯುತ್ತದೆ, ನೋವು ಮತ್ತೆ ಭಯವನ್ನು ಹೆಚ್ಚಿಸುತ್ತದೆ.

ಒಂದು ದಿನ ಮಂಡಿ ಮಡಚಿಸುತ್ತಿರುವಾಗ ಅವರು ತಾವಾಗಿಯೇ ಮಾತು ತೆಗೆದರು. ಕಣ್ಣು ಮುಚ್ಚಿದರೆ ಬಿದ್ದ ಹಾಗಾಗುತ್ತದೆ, ರಾತ್ರಿ ನಿದ್ದೆಯಿಲ್ಲ, ಹೆಂಡತಿ ಬೀಡಿ ಕಟ್ಟಿ ತಂದ ಹಣದಲ್ಲಿ ಉಣ್ಣಲು ನಾಚಿಕೆಯಾಗುತ್ತದೆ ಎಂದರು. ಕಾಲನ್ನು ಕೈಯಲ್ಲಿ ಹಿಡಿದು ಅರ್ಧ ಗಂಟೆ ಜೊತೆಯಲ್ಲಿರುವ ನಮಗೆ ಸಿಗುವ ಇಂಥ ಮಾತು, ಎಕ್ಸ್‌ರೇ ನೋಡಿ ಕಳುಹಿಸುವ ಅವಸರದ ವೈದ್ಯರಿಗೆ ಸಿಗುವುದು ಕಷ್ಟ. ಎಲ್ಲಿಗೆ ನಡೆದು ಹೋಗಬೇಕೆಂದು ಆಸೆ ಎಂದು ಕೇಳಿದೆ. ತೋಡಿನ ಮೇಲಿನ ಸಂಕ, ಅಂದರೆ ಕಾಲುಸೇತುವೆ, ದಾಟಿ ತೋಟಕ್ಕೆ ಎಂದರು. ಅಂದಿನಿಂದ ನಮ್ಮ ಗುರಿ ಅದೇ ಆಯಿತು. ಮೊದಲು ತೂಕದ ಯಂತ್ರದ ಮೇಲೆ ಪಾದವಿಟ್ಟು ಎಷ್ಟು ಕಿಲೋ ಭಾರ ಹಾಕಿದೆವೆಂದು ಅವರೇ ಓದುವುದು, ಬಳಿಕ ಜಗಲಿಯ ಮೆಟ್ಟಿಲು, ಆಮೇಲೆ ಅಂಗಳದಲ್ಲಿ ಇರಿಸಿದ ಹಲಗೆಯ ಮೇಲೆ ನಡಿಗೆ. ಮಂಡಿ ಮಡಚುವ ಕೋನವನ್ನು ಅಳೆದು ಅವರ ಕೈಯಲ್ಲೇ ಬರೆಸುತ್ತಿದ್ದೆ. ನಿನ್ನೆಗಿಂತ ಅಂಕೆ ಏರಿದ್ದನ್ನು ಕಣ್ಣಾರೆ ಕಂಡಾಗ ಬರುವ ಧೈರ್ಯ ನನ್ನ ಸಮಾಧಾನದ ಮಾತುಗಳಿಂದ ಬರುತ್ತಿರಲಿಲ್ಲ. ಅವರು ಸಂಕ ದಾಟುವ ಮೊದಲೇ ನಿದ್ದೆ ಮರಳಿತ್ತು, ಜಗಲಿಗೆ ಬಂದು ಕೂರತೊಡಗಿದ್ದರು.

ಸಮಯ ಕಡಿಮೆಯಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಮಂಡಿಯ ಎಲುಬುಗಳನ್ನು ಜೋಡಿಸುವ ರಜ್ಜು ಹರಿದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಕಬಡ್ಡಿ ಆಟಗಾರರಿಗೆ ಅಂಗಣಕ್ಕೆ ಮರಳಲು ಸುಮಾರು 9 ತಿಂಗಳು ಬೇಕು. ಅಷ್ಟು ಕಾಲ ತಂಡದಿಂದ ದೂರವಿರುವ ಬೇಸರವನ್ನೂ ಅವರು ಚಿಕಿತ್ಸಕರಲ್ಲಿ ಹೇಳಬೇಕು. ಮನೆಯವರು ದಯವಿಟ್ಟು ಗಾಯಾಳುವಿನ ಕೈಯಿಂದ ನೀರಿನ ಲೋಟವನ್ನು ಕಸಿದುಕೊಳ್ಳಬೇಡಿ. ಅವರಿಂದಾಗುವ ಕೆಲಸವನ್ನು ಅವರೇ ಮಾಡಲಿ. ವ್ಯಾಯಾಮದ ಬಳಿಕ ತುಸು ನೋವಾದರೆ ಎಲುಬು ಮತ್ತೆ ಮುರಿಯಿತೆಂದು ಅರ್ಥವಲ್ಲ. ಬದುಕೇ ಬೇಡವೆನ್ನಿಸುವಷ್ಟು ಮನಸ್ಸು ಕುಸಿದಿದ್ದರೆ ವ್ಯಾಯಾಮವೊಂದೇ ಸಾಲದು, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಾಗಲಿ ರಾತ್ರಿಯಾಗಲಿ ಉಚಿತವಾಗಿ ಕರೆಮಾಡಿ. ಮುಂದಿನ ಬಾರಿ ಫಿಸಿಯೋಥೆರಪಿಗೆ ಹೋದಾಗ ಎಲ್ಲಿ ನೋಯುತ್ತದೆ ಎಂಬುದರ ಜೊತೆಗೆ ಯಾವುದಕ್ಕೆ ಹೆದರಿಕೆಯಾಗುತ್ತದೆ ಎಂಬುದನ್ನೂ ಹೇಳಿ. ಅವರು ಕೇಳದಿದ್ದರೂ ಹೇಳಿ. ನಮಸ್ಕಾರ.