ಕಿತ್ತಳೆ ಬಣ್ಣದ ಅಂಗಿ

ಎಲ್ರಿಗೂ ನಮಸ್ಕಾರ. ಕೆನಡಾದಲ್ಲಿರೋ ನಮ್ಮ ಕನ್ನಡದವ್ರಿಗೆ, ಮತ್ತೆ ಊರಲ್ಲಿ ಕೂತು ಮೊಬೈಲಲ್ಲಿ ಕೇಳ್ತಿರೋ ಅವರ ಅಪ್ಪ ಅಮ್ಮಂದ್ರಿಗೂ.

ಸೆಪ್ಟೆಂಬರ್ ಕೊನೇಲಿ ಸ್ಕೂಲಿಂದ ಒಂದು ಚೀಟಿ ಬರುತ್ತೆ ನೋಡಿ, ಮಕ್ಳಿಗೆ ಆರೆಂಜ್ ಅಂಗಿ ಹಾಕಿ ಕಳ್ಸಿ ಅಂತ. ಮೊದಲ್ನೇ ವರ್ಷ ನಾನು ಇದ್ಯಾವ್ದೋ ಕಲರ್ ಡೇ ಇರ್ಬೇಕು ಅನ್ಕೊಂಡು ಟೀ ಶರ್ಟ್ ತಂದು ಹಾಕಿ ಫೋಟೋ ತೆಗ್ದು ಮೈಸೂರಿಗೂ ಕಳ್ಸಿದ್ದೆ, ನಮ್ಮತ್ತೆ ದೃಷ್ಟಿ ತೆಗಿಯಮ್ಮ ಅಂದ್ರು. ವಿಷ್ಯ ಗೊತ್ತಾದ್ಮೇಲೆ ಆ ಫೋಟೋ ನೋಡಕ್ಕೇ ಒಂಥರಾ ಆಗ್ತಿತ್ತು.

ಆ ಅಂಗಿ ಹಿಂದೆ ಇರೋದು ಫಿಲಿಸ್ ವೆಬ್‌ಸ್ಟಾಡ್ ಅನ್ನೋರ ಕಥೆ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಮೂಲನಿವಾಸಿ ಜನರವ್ರು. ಮೂಲನಿವಾಸಿ ಮಕ್ಳನ್ನ ಮನೆಯಿಂದ, ತಮ್ಮ ಭಾಷೆಯಿಂದ ದೂರ ಇಡೋಕೆ ಅಂತಲೇ ಇಲ್ಲಿ ರೆಸಿಡೆನ್ಷಿಯಲ್ ಸ್ಕೂಲ್ ಅನ್ನೋ ವಸತಿ ಶಾಲೆಗಳಿದ್ವು. 1973ರಲ್ಲಿ ಆರು ವರ್ಷದ ಹುಡುಗಿ, ಅಂಥದ್ದೊಂದು ಸ್ಕೂಲಿಗೆ ಸೇರ್ಬೇಕು ಅಂತ ಅಜ್ಜಿ ವಿಲಿಯಮ್ಸ್ ಲೇಕ್ ಪೇಟೆಗೆ ಕರ್ಕೊಂಡೋಗಿ ಹೊಸ ಅಂಗಿ ಕೊಡ್ಸಿದ್ರು, ಕಣ್ಣಿಗೆ ಹೊಡೆಯೋ ಆರೆಂಜ್ ಅಂಗಿ, ಎದುರಿಗೆ ದಾರ ಪೋಣಿಸಿರೋದು. ಮೊದಲ್ನೇ ದಿನವೇ ಬಟ್ಟೆ ಎಲ್ಲಾ ಬಿಚ್ಚಿಸಿದ್ರು, ಆ ಅಂಗಿ ಮತ್ತೆ ಕೈಗೆ ಬರ್ಲೇ ಇಲ್ಲ. ಆಕೆ ಅಲ್ಲಿ ಇದ್ದಿದ್ದು ಒಂದೇ ವರ್ಷ, ಆದ್ರೆ ಆಕೆಯ ಅಜ್ಜಿ ಹತ್ತು ವರ್ಷ, ಅಮ್ಮ ಹತ್ತು ವರ್ಷ ಇಂಥ ಸ್ಕೂಲಲ್ಲೇ ಇದ್ದೋರು. ತಂದೆ ತಾಯಿ ಅಂದ್ರೆ ಹೇಗಿರ್ಬೇಕು ಅನ್ನೋದೇ ನಂಗೆ ಗೊತ್ತಿರ್ಲಿಲ್ಲ ಅಂತ ಆಕೆಯೇ ಹೇಳ್ಕೊಂಡಿದ್ದಾರೆ, ಹದಿನಾಲ್ಕು ತುಂಬೋ ಮುಂಚೆನೇ ಆಕೆ ಮಗನ ತಾಯಿ ಆಗಿದ್ರು.

ನಂಗೆ ಅಂಗಿಗಿಂತ ಜಾಸ್ತಿ ಕೊರೀತಿರೋದು ಈ ಮಾತೇ. ಬಾಣಂತನ, ಲಾಲಿ ಹಾಡು, ಮಗು ಹಟ ಮಾಡಿದ್ರೆ ಹೇಗೆ ಸಮಾಧಾನ ಮಾಡೋದು, ಇದನ್ನ ನಮಗೆ ಯಾರಾದ್ರೂ ಪಾಠ ಮಾಡಿದ್ರಾ? ಅಮ್ಮನ್ನ ನೋಡಿ, ಚಿಕ್ಕಮ್ಮನ್ನ ನೋಡಿ ಬಂದಿದ್ದು. ನೋಡೋಕೆ ಯಾರೂ ಇಲ್ದೆ, ಸಾಲಾಗಿ ಹಾಕಿರೋ ಮಂಚ, ಹೆಸರಿನ ಬದ್ಲು ನಂಬರ್, ತಪ್ಪಾದ್ರೆ ಏಟು, ಎಷ್ಟೋ ಕಡೆ ಬಾಯಲ್ಲಿ ಹೇಳೋಕಾಗ್ದಿರೋ ಲೈಂಗಿಕ ದೌರ್ಜನ್ಯ, ಹೀಗೆ ಬೆಳೆದೋರು ಮನೆಗೆ ಬಂದು ತಮ್ಮ ಮಕ್ಳನ್ನ ಹೇಗೆ ಎತ್ಕೋಬೇಕು? ಕೆಲವ್ರು ಎತ್ಕೊಳ್ಳೇ ಇಲ್ಲ, ಕೆಲವ್ರು ಕುಡಿತಕ್ಕೆ ಬಿದ್ರು, ಇನ್ನು ಕೆಲವ್ರು ಸುಮ್ನಾಗ್ಬಿಟ್ರು, ಸಾಯೋವರ್ಗೂ ಒಂದ್ ಮಾತೂ ಹೇಳ್ಲಿಲ್ಲ. ಆ ಮೌನದಲ್ಲಿ ಬೆಳೆದ ಮಕ್ಳು ಆ ಸ್ಕೂಲಿನ ಬಾಗ್ಲನ್ನೂ ನೋಡ್ದೋರಲ್ಲ, ಆದ್ರೂ ಅದರ ಏಟು ತಿಂದೋರೇ.

ಒಂದೂವರೆ ಲಕ್ಷಕ್ಕೂ ಜಾಸ್ತಿ ಮಕ್ಳು ಸ್ವಾಮಿ, ಫಸ್ಟ್ ನೇಷನ್ಸ್, ಮೆಟಿ, ಇನುಯಿಟ್ ಅನ್ನೋ ಇಲ್ಲಿನ ಮೂಲನಿವಾಸಿ ಜನರ ಮಕ್ಳು. ದುಡ್ಡು ಸರ್ಕಾರದ್ದು, ನಡೆಸ್ತಿದ್ದಿದ್ದು ಚರ್ಚುಗಳು. ಡಾಕ್ಟರ್ ಪೀಟರ್ ಬ್ರೈಸ್ ಅಂತ ಸರ್ಕಾರದ ವೈದ್ಯಾಧಿಕಾರಿನೇ 1907ರಲ್ಲಿ ಈ ಸ್ಕೂಲುಗಳಲ್ಲಿ ಕ್ಷಯದಿಂದ ಮಕ್ಳು ಸಾಯ್ತಿದಾರೆ ಅಂತ ರಿಪೋರ್ಟ್ ಕೊಟ್ಟಿದ್ರು, ಅದನ್ನ ಮೂಲೆಗೆ ತಳ್ಳಿ 1920ರಲ್ಲಿ ಮಕ್ಳನ್ನ ಕಡ್ಡಾಯವಾಗಿ ಕಳಿಸ್ಬೇಕು ಅಂತ ಕಾನೂನೇ ತಂದ್ರು. ಲೆಕ್ಕಕ್ಕೆ ಸಿಕ್ಕಿರೋ ಸಾವೇ 4,000 ದಾಟುತ್ತೆ. 1966ರಲ್ಲಿ ಚಾನಿ ವೆನ್‌ಜಾಕ್ ಅನ್ನೋ ಹನ್ನೆರಡು ವರ್ಷದ ಹುಡುಗ ಕೆನೋರಾದ ಸ್ಕೂಲಿಂದ ಓಡಿಹೋಗಿ ರೈಲ್ವೆ ಹಳಿ ಹಿಡ್ಕೊಂಡು ಮನೆ ಕಡೆ ನಡೆದ, ಮನೆ ಇದ್ದಿದ್ದು ಸುಮಾರು 600 ಕಿಲೋಮೀಟರ್ ದೂರ, ಅಕ್ಟೋಬರ್ ಚಳೀಲಿ ಹಳಿ ಪಕ್ಕದಲ್ಲೇ ತೀರ್ಕೊಂಡ.

ಇದೆಲ್ಲ ಹಳೇ ಕಾಲದ್ದು ಬಿಡಿ ಅನ್ನೋರೂ ಇದ್ದಾರೆ, ನಮ್ಮೋರ ಪಾರ್ಟಿಗಳಲ್ಲೇ ಕೇಳಿದೀನಿ. ಕೊನೇ ಸ್ಕೂಲುಗಳು ಮುಚ್ಚಿದ್ದು 1990ರ ದಶಕದಲ್ಲಿ, ಆಗ ನಾನು ಹೈಸ್ಕೂಲಲ್ಲಿದ್ದೆ! ಇನ್ನೊಂದು ಲೆಕ್ಕ ಕೇಳಿ, 2021ರ ಜನಗಣತಿ ಪ್ರಕಾರ ಇಲ್ಲಿ ಹದಿನಾಲ್ಕು ವರ್ಷದವರೆಗಿನ ಮಕ್ಳಲ್ಲಿ ಮೂಲನಿವಾಸಿಗಳು 7.7%, ಆದ್ರೆ ಫಾಸ್ಟರ್ ಮನೆಗಳಲ್ಲಿ, ಅಂದ್ರೆ ಹೆತ್ತೋರಿಂದ ಬೇರೆ ಮಾಡಿ ಬೇರೆಯವ್ರ ಆರೈಕೇಲಿ ಇಟ್ಟಿರೋ ಮಕ್ಳಲ್ಲಿ 53.8%. ಅಂದ್ರೆ ಬೋರ್ಡ್ ಬದಲಾಯ್ತು, ಮಗು ಮನೆ ಬಿಟ್ಟು ಹೋಗೋದು ನಿಂತಿಲ್ಲ.

ಭಾಷೆ ವಿಷ್ಯಕ್ಕೆ ಬಂದ್ರೆ ನಂಗೆ ಸ್ವಲ್ಪ ನಾಚ್ಕೆನೂ ಆಗುತ್ತೆ. ಆ ಸ್ಕೂಲುಗಳಲ್ಲಿ ತಾಯ್ನುಡಿ ಆಡಿದ್ರೆ ಶಿಕ್ಷೆ, ಹಾಗಾಗಿ ದೊಡ್ಡೋರಾದ್ಮೇಲೆ ಎಷ್ಟೋ ಜನ ಮಕ್ಳಿಗೂ ಈ ಕಷ್ಟ ಬೇಡಪ್ಪಾ ಅಂತ ಬೇಕಂತಲೇ ಭಾಷೆ ಕಲಿಸ್ಲಿಲ್ಲ. ನಮ್ಮ ಮಗಳ ಜೊತೆ ನಾನು ಇಂಗ್ಲಿಷಲ್ಲಿ ಮಾತಾಡಕ್ಕೆ ಶುರು ಮಾಡ್ದಾಗ ಯಾರೂ ಬೆತ್ತ ಹಿಡ್ಕೊಂಡು ನಿಂತಿರ್ಲಿಲ್ಲ.

2008ರಲ್ಲಿ ಆಗಿನ ಪ್ರಧಾನಿ ಹಾರ್ಪರ್ ಪಾರ್ಲಿಮೆಂಟಲ್ಲಿ ಈ ಸ್ಕೂಲುಗಳ ಬಗ್ಗೆ ಕ್ಷಮೆ ಕೇಳಿದ್ರು, 2015ರಲ್ಲಿ ಇದನ್ನೆಲ್ಲ ವಿಚಾರಿಸಿದ ಮರ್ರೇ ಸಿಂಕ್ಲೇರ್ ಅವ್ರ ಆಯೋಗ 94 ಶಿಫಾರಸು ಕೊಡ್ತು. ಅದ್ರಲ್ಲಿ ಕೊನೇದು ನಮಗೇ ಸಂಬಂಧಪಟ್ಟಿದ್ದು. ಇಲ್ಲಿ ಪೌರತ್ವ ತಗೊಳ್ಳೋರ ಪ್ರಮಾಣವಚನದಲ್ಲಿ ಮೂಲನಿವಾಸಿಗಳ ಹಕ್ಕುಗಳ ಸಾಲು ಇರ್ಬೇಕು ಅಂತ, 2021ರಿಂದ ಸೇರಿದೆ. ಹೋದ್ ಸಲ ನಮ್ಮ ಫ್ರೆಂಡ್ ಒಬ್ರು ಕೈಯೆತ್ತಿ ಓದಿದ್ರು, ಆಮೇಲೆ ಕೇಸರಿಬಾತ್ ತಿಂತಾ ಆ ಸಾಲಿನ ಬಗ್ಗೆ ಕೇಳಿದ್ರೆ, ಹೌದಾ, ಇತ್ತಾ ಅಂದ್ರು.

ಆಲ್ಬರ್ಟಾದಲ್ಲಿ ಬ್ಲೂ ಕ್ವಿಲ್ಸ್ ಅಂತ ಇಂಥದ್ದೇ ಒಂದು ಸ್ಕೂಲಿತ್ತು. 1970ರಲ್ಲಿ ಅದನ್ನ ಮುಚ್ತೀವಿ ಅಂದಾಗ ಸುತ್ತಲಿನ ಫಸ್ಟ್ ನೇಷನ್ಸ್ ಜನ ಬಂದು ಒಳಗೇ ಧರಣಿ ಕೂತ್ರು, ಸ್ಕೂಲ್ ನಮಗೇ ಕೊಡಿ, ನಾವೇ ನಡೆಸ್ತೀವಿ ಅಂತ. ಕೊಡಿಸ್ಕೊಂಡ್ರು ಕೂಡ. ಅದೀಗ ಅವರದ್ದೇ ಯೂನಿವರ್ಸಿಟಿ, ಅಲ್ಲಿ ಅವರದ್ದೇ ಕ್ರೀ ಭಾಷೆ ಪಾಠ ನಡೀತಿದೆ.

ನನ್ನ ಟೈಮ್ ಆಯ್ತು. ನಮಸ್ಕಾರ.