ಸಿಕ್ಕಿದ ಮೇಲೂ 11 ವರ್ಷ

ನಮಸ್ಕಾರ. ಒಂದು ಬೆರಳು ಅಲ್ಲಾಡಿಸಿ ನೋಡಿ. ನರದ ತುದಿಯಲ್ಲಿ ಪುಟ್ಟ ಪುಟ್ಟ ಚೀಲಗಳು ಕಾದು ನಿಂತಿರುತ್ತವೆ. ಅವೇ ವೆಸಿಕಲ್‌ಗಳು. ಒಂದೊಂದರ ಅಗಲ ಸುಮಾರು 40 ನ್ಯಾನೋಮೀಟರ್. ಕ್ಯಾಲ್ಸಿಯಂ ಒಳಗೆ ನುಗ್ಗಿದ್ದೇ ತಡ, ಚೀಲ ಜೀವಕೋಶದ ಪೊರೆಯೊಳಗೆ ಬೆರೆತು, ತನ್ನಲ್ಲಿದ್ದ, ಸಂದೇಶ ಒಯ್ಯುವ ರಾಸಾಯನಿಕವನ್ನು ಹೊರಗೆ ಸುರಿಯುತ್ತದೆ. ಸಾರಿನ ಮೇಲೆ ಎರಡು ಎಣ್ಣೆ ಹನಿ ಒಂದಾಗುತ್ತವಲ್ಲ, ಹಾಗೆ. ಇದಕ್ಕೆ ಒಂದು ಮಿಲಿಸೆಕೆಂಡೂ ಬೇಕಿಲ್ಲ.

ಬೆಸೆಯುವ ಕೆಲಸ ಸ್ನೇರ್ ಅನ್ನೋ ಪ್ರೋಟೀನ್‌ಗಳದ್ದು. ಧನುರ್ವಾಯುವಿನ ವಿಷ ಕತ್ತರಿಸುವುದು ಇವುಗಳಲ್ಲೇ ಒಂದನ್ನು. ಆಗ ಸ್ನಾಯುಗಳ ಬಿಗಿತವನ್ನು ತಡೆಯುವ ಸಂದೇಶ ನಿಂತುಹೋಗುತ್ತದೆ. ಮೈ ಬಿಲ್ಲಿನಂತೆ ಬಾಗುತ್ತದೆ.

ಸರಿ, ಬೆಸೆಯುವವರು ಸಿಕ್ಕರು. 'ಈಗ ಬೆಸೆಯಿರಿ' ಅಂತ ಹೇಳುವವರು ಯಾರು? ಜರ್ಮನಿಯ ಗೋಟಿಂಗೆನ್‌ನಲ್ಲಿ ಹುಟ್ಟಿದ ಥಾಮಸ್ ಸೂಡ್‌ಹೋಫ್ ಅಮೆರಿಕದ ಡಲ್ಲಾಸ್‌ನಲ್ಲಿ ಹುಡುಕಿದ್ದು ಇದನ್ನು. 1990ರಲ್ಲಿ ಅವರ ತಂಡ ಸಿನಾಪ್ಟೊಟ್ಯಾಗ್ಮಿನ್ ಅನ್ನೋ ಪ್ರೋಟೀನಿನ ಗುರುತು ಹಿಡಿಯಿತು. ಅದು ಕ್ಯಾಲ್ಸಿಯಂ ಹಿಡಿಯುತ್ತದೆ ಅಂತಲೂ ಗೊತ್ತಾಯಿತು. ಮುಗೀತಲ್ವಾ?

ಮುಗಿಯಲಿಲ್ಲ. ನನಗೆ ಇಷ್ಟವಾಗುವುದು ಇಲ್ಲಿಂದ ಮುಂದಿನ ಕೆಲಸವೇ. ನಾವು 'ಕಂಡುಹಿಡಿದರು' ಅಂತ ಸುಮ್ನೆ ಒಂದು ಪದದಲ್ಲಿ ಮುಗಿಸಿಬಿಡುತ್ತೇವೆ. ಕಂಡದ್ದು ನಿಜವೇ ಅಂತ ತಾವೇ ಮತ್ತೆ ಮತ್ತೆ ಕೆದಕುವುದಿದೆಯಲ್ಲ, ಅದಕ್ಕೆ ಇನ್ನೂ ಜಾಸ್ತಿ ಬೆಲೆ ಕೊಡಬೇಕು.

1994ರಲ್ಲಿ ಆ ಪ್ರೋಟೀನೇ ಇಲ್ಲದ ಇಲಿಗಳನ್ನು ಬೆಳೆಸಿದರು. ಮರಿಗಳು ಹುಟ್ಟಿ ಎರಡು ದಿನದೊಳಗೆ ಸತ್ತವು. ಅವುಗಳ ನರಕೋಶಗಳಲ್ಲಿ ಥಟ್ಟನೆ ಆಗಬೇಕಿದ್ದ ರಾಸಾಯನಿಕದ ಬಿಡುಗಡೆ ಹೆಚ್ಚುಕಡಿಮೆ ಇಲ್ಲವಾಗಿತ್ತು. ನಿಧಾನವಾದದ್ದು ಮಾತ್ರ ಉಳಿದಿತ್ತು. ಅಂದರೆ ಈ ಪ್ರೋಟೀನ್ ಬೇಕೇ ಬೇಕು. ಆದರೆ ಕ್ಯಾಲ್ಸಿಯಂ ಬಂತು ಅಂತ ತಿಳಿಯುವುದು ಇದೇನಾ? ಕಂಬ ಕಿತ್ತರೆ ಮನೆ ಬೀಳುತ್ತದೆ, ಹಾಗಂತ ಕಂಬವೇ ಕಾವಲುಗಾರ ಅನ್ನೋಕಾಗುತ್ತಾ?

ಅದಕ್ಕೇ ಇನ್ನೊಂದು ಪ್ರಯೋಗ. ಈ ಸಲ ಪ್ರೋಟೀನನ್ನು ತೆಗೆಯಲಿಲ್ಲ. ಅದರ ಒಂದೇ ಒಂದು ಅಮೈನೋ ಆಮ್ಲ ಬದಲಿಸಿದರು. ಕ್ಯಾಲ್ಸಿಯಂ ಹಿಡಿಯುವ ಅದರ ಬಲ ಸುಮಾರು ಅರ್ಧಕ್ಕೆ ಇಳಿಯಿತು. ನರಕೋಶಗಳನ್ನು ಅಳೆದು ನೋಡಿದರೆ, ಕ್ಯಾಲ್ಸಿಯಂಗೆ ಬಿಡುಗಡೆ ಸ್ಪಂದಿಸುವ ಸೂಕ್ಷ್ಮತೆಯೂ ಸುಮಾರು ಅರ್ಧಕ್ಕೇ ಇಳಿದಿತ್ತು.

ಆ ಫಲಿತಾಂಶ ಪ್ರಕಟವಾದದ್ದು 2001ರಲ್ಲಿ. ಸೂಡ್‌ಹೋಫ್ ಅವರಿಗೆ ನೊಬೆಲ್ ಬರುವುದಕ್ಕೆ ಇನ್ನೂ 12 ವರ್ಷ ಇತ್ತು.