ಹಳೆ ಕಾದಂಬರಿ ಮಕ್ಕಳ ಆನಿಮೇಷನ್ ಆಗುವಾಗ ಎಂತ ತೆಗೀಬಹುದು, ಎಂತ ತೆಗೀಲೇಬಾರದು

[ಕಪ್ಪು ಸ್ಕ್ರೀನ್. ದೊಡ್ಡ ಗಂಟೆಯ ಶಬ್ದ, ಎರಡು ಸಲ]

ವಿಕ್ಟರ್ ಹ್ಯೂಗೋ 1831ರಲ್ಲಿ ಬರೆದ ನೋತ್ರ್ ದಾಮ್ ಕಾದಂಬರಿ ಹೇಗೆ ಮುಗೀತದೆ ಅಂತ ಗೊತ್ತುಂಟಾ? ಎಸ್ಮೆರಾಲ್ಡಾ ಅಂತ ಒಂದು ಹುಡುಗಿ, ಅವಳನ್ನು ಗಲ್ಲಿಗೆ ಹಾಕ್ತಾರೆ. ಚರ್ಚಿನ ಗಂಟೆ ಬಾರಿಸುವ ಗೂನುಬೆನ್ನಿನ ಕ್ವಾಸಿಮೋಡೋ ಅವಳ ಹೆಣ ಹಾಕಿದ ಜಾಗ ಹುಡ್ಕಿಕೊಂಡು ಹೋಗಿ ಅಲ್ಲೇ ಪಕ್ಕದಲ್ಲಿ ಮಲಗಿ ಪ್ರಾಣ ಬಿಡ್ತಾನೆ. ಎಷ್ಟೋ ಸಮಯ ಆದ ಮೇಲೆ ಜನ ನೋಡುವಾಗ ಎರಡು ಅಸ್ಥಿಪಂಜರ, ಒಂದು ಇನ್ನೊಂದನ್ನು ತಬ್ಬಿಕೊಂಡು ಇರ್ತದೆ, ಬಿಡಿಸ್ಲಿಕ್ಕೆ ಹೋದ್ರೆ ಪುಡಿಪುಡಿ ಆಗ್ತದೆ. ಇದು ಕಾದಂಬರಿ.

ಇದೇ ಕಥೆಯನ್ನು 1996ರಲ್ಲಿ ಡಿಸ್ನಿಯವರು ಮಕ್ಕಳಿಗೆ ಅಂತ ಆನಿಮೇಷನ್ ಮಾಡಿದ್ರು. ಅದ್ರಲ್ಲಿ ಹಾಡುಂಟು, ಮಾತಾಡುವ ಕಲ್ಲಿನ ಗೊಂಬೆಗಳುಂಟು, ಎಸ್ಮೆರಾಲ್ಡಾ ಬದುಕ್ತಾಳೆ, ಕೊನೆಗೆ ಊರಿನ ಜನ ಕ್ವಾಸಿಮೋಡೋನನ್ನು ಹೆಗಲ ಮೇಲೆ ಹೊತ್ಕೊಂಡು ಹೋಗ್ತಾರೆ.

[ಎರಡೂ ಕೊನೆಗಳ ಸ್ಕೆಚ್ ಪಕ್ಕಪಕ್ಕ]

ಈಗ ಹೇಳಿ, ಎಂಟು ವರ್ಷದ ಮಗುವಿಗೆ ಯಾವುದನ್ನು ತೋರಿಸ್ತೀರಿ? ಎರಡನೇದು ಅಂತಲೇ ಹೇಳ್ತೀರಿ, ನಾನೂ ಅದನ್ನೇ ಹೇಳ್ತೇನೆ. ಆದ್ರೆ ಡಿಸ್ನಿಯವರು ಅದ್ರಲ್ಲಿ ಒಂದು ವಿಷಯ ಮುಟ್ಟಲೇ ಇಲ್ಲ, ಅದನ್ನು ಮುಟ್ಟದೇ ಇದ್ದದ್ದಕ್ಕೇ ಆ ಸಿನಿಮಾ ಉಳಿದಿದೆ ಅಂತ ನನ್ನ ಅಭಿಪ್ರಾಯ, ಅದು ಎಂತದು ಅಂತ ಹೇಳ್ತೇನೆ, ಪೂರ್ತಿ ನೋಡಿ.

[ಚಾನೆಲ್ ಟೈಟಲ್. ಹಿನ್ನೆಲೆಯಲ್ಲಿ ಪಣಂಬೂರು ಬೀಚ್, ಸಂಜೆ]

ಎಲ್ಲರಿಗೂ ನಮಸ್ಕಾರ, ಮಂಗಳೂರಿನಿಂದ ಮಾತಾಡ್ತಾ ಇದ್ದೇನೆ. 2025ರಲ್ಲಿ ಮಹಾವತಾರ್ ನರಸಿಂಹ ಅಂತ ಆನಿಮೇಷನ್ ಸಿನಿಮಾ ಬಂದಾಗ ಕನ್ನಡದಲ್ಲೇ ನೋಡ್ಲಿಕ್ಕೆ ಮನೆಮಂದಿ ಎಲ್ಲ ಮಕ್ಕಳನ್ನು ಕರ್ಕೊಂಡು ಥಿಯೇಟರಿಗೆ ಹೋದ್ರಲ್ಲ, ಆಗಿಂದ ನನ್ನ ತಲೆಯಲ್ಲಿ ಇದೇ ಓಡ್ತಾ ಇರುದು, ಪುರಾಣ ಆಯ್ತು, ನಮ್ಮ ಕಾದಂಬರಿಗಳು ಯಾವಾಗ? ಅದಕ್ಕೆ ಮೊದಲು ಬೇರೆಯವರು ಹೇಗೆ ಮಾಡಿದ್ದಾರೆ ನೋಡುವ.

ಕೆಲಸದ ಲೆಕ್ಕ ಒಮ್ಮೆ ನೋಡಿ. ಸಿನಿಮಾಕ್ಕೆ ಸೆಕೆಂಡಿಗೆ 24 ಫ್ರೇಮ್, ಅಂದ್ರೆ ಪರದೆಯಲ್ಲಿ ಒಂದರ ಹಿಂದೆ ಒಂದು ಬರುವ ಬಿಡಿ ಬಿಡಿ ಚಿತ್ರ. ಒಂದೂವರೆ ಗಂಟೆ ಅಂದ್ರೆ 1,29,600 ಫ್ರೇಮ್. ಕೈಯಲ್ಲಿ ಬಿಡಿಸುವವರು ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಫ್ರೇಮಿಗೆ ಇಡ್ತಾರೆ, ಆದ್ರೂ ಸೆಕೆಂಡಿಗೆ 12 ಚಿತ್ರ ಬೇಕೇ ಬೇಕು. ಮಾಮೂಲಿ ಸಿನಿಮಾದಲ್ಲಿ ಜಾಸ್ತಿ ಶೂಟ್ ಮಾಡಿ ಆಮೇಲೆ ಕಟ್ ಮಾಡಬಹುದು, ಇಲ್ಲಿ ಹಾಗೆ ಮಾಡ್ಲಿಕ್ಕೆ ಹೋದ್ರೆ ಮುಳುಗಿದ ಹಾಗೆಯೇ, ಹಾಗಾಗಿ ಬಿಡಿಸುವ ಮೊದಲೇ ಸ್ಟೋರಿಬೋರ್ಡಲ್ಲಿ, ಅಂದ್ರೆ ಸೀನುಗಳನ್ನು ಸಣ್ಣ ಚಿತ್ರ ಮಾಡಿ ಗೋಡೆಗೆ ಸಾಲಾಗಿ ಅಂಟಿಸಿದ್ದರಲ್ಲಿ, ಕಥೆ ಗಟ್ಟಿ ಆಗ್ಬೇಕು. ಐನೂರು ಪುಟದ ಕಾದಂಬರಿ ಆ ಗೋಡೆಯ ಮೇಲೆ ಅಂಟಿಸಿದ ಸಣ್ಣ ಸಣ್ಣ ಚಿತ್ರಗಳಿಗೆ ಇಳಿಯುವಾಗ ಘಟನೆ ಹೋಗ್ತದೆ, ಪಾತ್ರ ಹೋಗ್ತದೆ, ಅದಕ್ಕೆ ಬೇಜಾರು ಮಾಡಿ ಉಪಯೋಗ ಇಲ್ಲ.

ಹ್ಯೂಗೋನ ಕ್ವಾಸಿಮೋಡೋಗೆ ಕಿವಿ ಕೇಳುದಿಲ್ಲ, ಗಂಟೆಯ ಶಬ್ದಕ್ಕೇ ಕಿವುಡಾದವ. ಸಿನಿಮಾದಲ್ಲಿ ಅವ ಹಾಡ್ಬೇಕಲ್ಲ, ಹಾಗಾಗಿ ಕಿವಿ ಕೇಳ್ತದೆ. ಪಾದ್ರಿಯಾಗಿದ್ದ ಫ್ರೋಲ್ಲೋ ನ್ಯಾಯಾಧೀಶ ಆದ. ಸಾವು ಹೋಯ್ತು. ಇಷ್ಟೆಲ್ಲ ಬದಲಾದ್ರೂ ಒಂದು ವಿಷಯ ಹಾಗೇ ಉಂಟು, ಕ್ವಾಸಿಮೋಡೋ ಅವಳನ್ನು ಪ್ರೀತಿಸ್ತಾನೆ, ಅವಳು ಇನ್ನೊಬ್ಬನನ್ನು. ಮಕ್ಕಳ ಸಿನಿಮಾ ಅಂತ ಅವಳನ್ನು ಇವನಿಗೇ ಮದುವೆ ಮಾಡಿಸಿ ಮುಗಿಸಬಹುದಿತ್ತು, ಮಾಡ್ಲಿಲ್ಲ. ಅವಳದ್ದು, ಅವಳು ಪ್ರೀತಿಸುವವನದ್ದು, ಇಬ್ಬರ ಕೈಯನ್ನೂ ಕ್ವಾಸಿಮೋಡೋ ತಾನೇ ಹಿಡಿದು ಜೋಡಿಸ್ತಾನೆ. ನಾನು ಹೇಳಿದ ವಿಷಯ ಇದು. ಪ್ರತಿ ಒಳ್ಳೆ ಕಾದಂಬರಿಯಲ್ಲಿ ಒಂದು ನೋವು ಉಂಟು, ಅದರ ಸುತ್ತ ಇರುವ ಘಟನೆಯನ್ನು ಎಷ್ಟು ಬೇಕಾದ್ರೂ ಬದಲಾಯಿಸಿ, ಆ ನೋವನ್ನು ಮಾತ್ರ ತೆಗೀಬೇಡಿ.

[ಕಾಡಿನ ಸ್ಕೆಚ್. ಎಮ್ಮೆಗಳ ಹಿಂಡು]

ತೆಗೆದ್ರೆ ಎಂತ ಆಗ್ತದೆ ಅಂತ ಹೇಳ್ಲಿಕ್ಕೆ ಎಲ್ಲರಿಗೂ ಗೊತ್ತಿರುವ ಒಂದು ಉದಾಹರಣೆ, ಜಂಗಲ್ ಬುಕ್. ಕಿಪ್ಲಿಂಗ್ ಬರೆದದ್ದು 1894ರಲ್ಲಿ, ಸರಿಯಾಗಿ ಹೇಳುದಾದ್ರೆ ಕಾದಂಬರಿ ಅಲ್ಲ, ಕಥೆಗಳ ಪುಸ್ತಕ. ಡಿಸ್ನಿ ಸಿನಿಮಾ ಬಂದದ್ದು 1967ರಲ್ಲಿ, ವಾಲ್ಟ್ ಡಿಸ್ನಿ ತೀರಿಹೋಗಿ ವರ್ಷ ಆಗುವ ಮೊದಲು. ಬಿಲ್ ಪೀಟ್ ಅಂತ ಅವರ ಹಳೇ ಕಥೆಗಾರ ಪುಸ್ತಕಕ್ಕೆ ಹತ್ತಿರ ಇರುವ, ಸ್ವಲ್ಪ ಗಂಭೀರವಾದ ಕಥೆ ಮಾಡಿದ್ರು, ವಾಲ್ಟಿಗೆ ಅದು ಆಗ್ಲಿಲ್ಲ, ಜಗಳ ಆಗಿ ಪೀಟ್ ಕೆಲಸ ಬಿಟ್ಟೇ ಹೋದ್ರು. ಹೊಸ ತಂಡದವರ ಕೈಗೆ ಪುಸ್ತಕ ಕೊಟ್ಟು, ಇದನ್ನು ಓದ್ಬೇಡಿ ಅಂತ ವಾಲ್ಟ್ ಹೇಳಿದ್ರಂತೆ.

ಹಾಗಾಗಿ ಎಂತಾಯ್ತು ನೋಡಿ. ಪುಸ್ತಕದಲ್ಲಿ ಹೆಬ್ಬಾವು ಕಾ ಮೋಗ್ಲಿಯನ್ನು ಮಂಗಗಳಿಂದ ಬಿಡಿಸ್ಲಿಕ್ಕೆ ಬರುವ ದೋಸ್ತಿ, ಸಿನಿಮಾದಲ್ಲಿ ಅವನನ್ನೇ ನುಂಗ್ಲಿಕ್ಕೆ ನೋಡ್ತದೆ. ಪುಸ್ತಕದ ಮಂಗಗಳಿಗೆ ನಾಯಕನೇ ಇಲ್ಲ, ಅದೇ ಅವುಗಳ ಸಮಸ್ಯೆ, ಸಿನಿಮಾದಲ್ಲಿ ಕಿಂಗ್ ಲೂಯಿ ಅಂತ ರಾಜನೇ ಬಂದ. ಶೇರ್ ಖಾನ್ ಸಾಯುದಂತೂ ಪುಸ್ತಕದಲ್ಲಿ ಓದ್ಬೇಕು ಮಾರಾಯ್ರೆ! ಹೊಟ್ಟೆ ತುಂಬ ತಿಂದ ಹುಲಿ ಒಂದು ಕಣಿವೆಯಲ್ಲಿ ಬಿದ್ಕೊಂಡಿದೆ, ಮೋಗ್ಲಿ ತೋಳ ಅಕೇಲನನ್ನು ಸೇರಿಸ್ಕೊಂಡು ಎಮ್ಮೆ ಹಿಂಡನ್ನು ಎರಡು ಭಾಗ ಮಾಡ್ತಾನೆ, ಕೋಣಗಳು ಮೇಲಿಂದ, ಎಮ್ಮೆ ಕರುಗಳು ಕೆಳಗಿಂದ, ಹುಲಿಗೆ ಹತ್ತಿ ಓಡ್ಲಿಕ್ಕೆ ದಾರಿ ಇಲ್ಲ. ಕಂಬಳದ ಕರೆ, ಅಂದ್ರೆ ಕೋಣ ಓಡುವ ಕೆಸರಿನ ದಾರಿ, ಅದ್ರ ಹತ್ರ ನಿಂತು ಕೋಣ ಓಡುವಾಗ ಕಾಲಡಿಯ ನೆಲ ನಡುಗುದು ಗೊತ್ತಿರುವ ನಮ್ಮ ಮಕ್ಕಳಿಗೆ ಈ ಸೀನ್ ಬೇರೆ ಯಾರೂ ವಿವರಿಸ್ಬೇಕಾಗಿಲ್ಲ.

ಇದೆಲ್ಲ ಘಟನೆ, ಬದಲಾಗ್ಲಿ. ಆದ್ರೆ ಪುಸ್ತಕದ ನೋವು ಎಂತದು ಅಂದ್ರೆ ಮೋಗ್ಲಿಯನ್ನು ತೋಳಗಳೂ ಹೊರಗೆ ಹಾಕ್ತವೆ, ಊರಿನವರೂ ಕಲ್ಲು ಹೊಡೆದು ಓಡಿಸ್ತಾರೆ, ಅವ ಎರಡೂ ಕಡೆಗೆ ಸೇರದವ. ಸಿನಿಮಾದಲ್ಲಿ ನೀರು ತರ್ಲಿಕ್ಕೆ ಬಂದ ಹುಡುಗಿಯ ಹಿಂದೆ ನಗಾಡ್ಕೊಂಡು ಊರಿಗೆ ಹೋಗ್ತಾನೆ, ಮುಗೀತು. ಹಾಡುಗಳು ಅದ್ಭುತ, ಬಾಲೂವನ್ನು ಯಾರಿಗೂ ಮರೀಲಿಕ್ಕೆ ಆಗುದಿಲ್ಲ, ಆದ್ರೂ ಆ ಹುಡುಗನಿಗೆ ಎಂತ ಕಷ್ಟ ಇತ್ತು ಅಂತ ಕೇಳಿದ್ರೆ ಮಕ್ಕಳಿಗೆ ಹೇಳ್ಲಿಕ್ಕೆ ಬರುದಿಲ್ಲ, ಹುಲಿ ಅಟ್ಟಿಸ್ಕೊಂಡು ಬಂತು ಅಂತಾರೆ ಅಷ್ಟೆ. 1989ರ ಜಪಾನಿನ ಸೀರಿಯಲ್, 52 ಕಂತಿನದ್ದು, ನಮ್ಮ ಪ್ರಾಯದವರು ಆದಿತ್ಯವಾರ ಬೆಳಿಗ್ಗೆ ದೂರದರ್ಶನದಲ್ಲಿ ಹಿಂದಿಯಲ್ಲಿ ನೋಡಿದ್ದು, ಅದಕ್ಕೆ ಪುರುಸೊತ್ತು ಇತ್ತು, ತೋಳದ ಮನೆಯ ಅಮ್ಮ, ಅಣ್ಣ ತಮ್ಮಂದಿರು ಎಲ್ಲ ಅದ್ರಲ್ಲಿ ನಿಜವಾದ ಸಂಬಂಧಿಕರ ಹಾಗೆ ಇದ್ರು.

ಇನ್ನು ಹೆದರಿಕೆ ವಿಷಯ. ಇದು ಬಂದಾಗ ಅಪ್ಪ ಅಮ್ಮಂದಿರು ಎಲ್ಲ ಒಂದೇ ಮಾತು, ಮಕ್ಕಳು ರಾತ್ರಿ ಹೆದರ್ತಾರೆ, ಬೇಡ. 1978ರಲ್ಲಿ ಬಂದ ವಾಟರ್‌ಶಿಪ್ ಡೌನ್ ಅಂತ ಮೊಲಗಳ ಸಿನಿಮಾಕ್ಕೆ ಬ್ರಿಟನ್ನಲ್ಲಿ ಎಲ್ಲರೂ ನೋಡಬಹುದು ಅಂತ ಯು ಸರ್ಟಿಫಿಕೇಟ್ ಕೊಟ್ಟಿದ್ರು, ಮೊಲ ಅಂತ ಮಕ್ಕಳನ್ನು ಕರ್ಕೊಂಡು ಹೋದ್ರೆ ಅದ್ರಲ್ಲಿ ರಕ್ತ, ಉಸಿರು ಕಟ್ಟಿ ಸಾಯುವ ಮೊಲಗಳು. ಅಷ್ಟು ವರ್ಷ ಬಿಟ್ಟು 2022ರಲ್ಲಿ ಅದನ್ನು ಪಿಜಿ ಮಾಡಿದ್ರು, ಅಂದ್ರೆ ಮಕ್ಕಳಿಗೆ ತೋರಿಸ್ಬೇಕಾ ಅಂತ ಅಪ್ಪ ಅಮ್ಮ ಯೋಚನೆ ಮಾಡಿ ಅಂತ. ಸರಿಯೇ, ಒಂದು ಎಚ್ಚರಿಕೆ ಬೇಕು. ಆದ್ರೆ ನಮ್ಮೂರಲ್ಲಿ ಮಕ್ಕಳಿಗೆ ಹೆದರಿಕೆಯನ್ನು ಹೇಗೆ ಕೊಡ್ತಾರೆ ಅಂತ ಒಮ್ಮೆ ನೆನಪು ಮಾಡಿ.

[ರಾತ್ರಿ ಗದ್ದೆಯ ಬಯಲಾಟ. ಚೆಂಡೆ]

ಯಕ್ಷಗಾನದ ದೇವಿ ಮಹಾತ್ಮೆ ಪ್ರಸಂಗ. ಮಕ್ಕಳು ಎದುರು ಚಾಪೆಯಲ್ಲಿ ಅರ್ಧ ನಿದ್ದೆ. ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುದಿಲ್ಲ, ಜನರ ಮಧ್ಯೆಯಿಂದ ಬರುದು, ಎರಡೂ ಬದಿಗೆ ದೊಂದಿ, ರಾಳದ ಹುಡಿ ಬಿಸಾಡಿದಾಗ ಭಗ್ ಅಂತ ಏಳುವ ಬೆಂಕಿ, ಎರಡು ಕೊಂಬು, ಆ ಆರ್ಭಟೆ. ನಾಲ್ಕು ವರ್ಷದ ಮಗು ಅಜ್ಜಿಯ ಸೆರಗಿನೊಳಗೆ ಮುಖ ಹಾಕ್ತದೆ, ಆದ್ರೆ ಒಂದು ಕಣ್ಣು ಹೊರಗೇ ಇರ್ತದೆ, ಅದು ಮುಖ್ಯ. ಮಹಿಷಾಸುರನನ್ನು ಮಕ್ಕಳಿಗೋಸ್ಕರ ಸ್ವಲ್ಪ ಕ್ಯೂಟ್ ಮಾಡುವ ಅಂತ ಯಾವ ಮೇಳದವರೂ ಹೇಳಿದ್ದು ನಾನು ಕೇಳ್ಲಿಲ್ಲ. ಅವ ಸಾಯುವವರೆಗೆ ಮಗು ಎದ್ದಿರ್ತದೆ, ಮರುದಿನ ಅಂಗಳದಲ್ಲಿ ಕೋಲು ಹಿಡಿದು ತಾನೇ ಮಹಿಷಾಸುರ ಆಗ್ತದೆ.

ಅಂದ್ರೆ ಹೆದರಿಕೆ ಇರಬಹುದು, ಮಗು ಒಂಟಿ ಇರಬಾರದು. ಥಿಯೇಟರಿನಲ್ಲಿ ಪಕ್ಕದಲ್ಲಿ ಅಪ್ಪ ಅಮ್ಮ ಇದ್ರೂ ಕಥೆಯ ಒಳಗೂ ಒಬ್ಬ ಜೊತೆಗಾರ ಬೇಕು, ಅದಕ್ಕೇ ಒಳ್ಳೆ ಆನಿಮೇಷನ್‌ಗಳಲ್ಲಿ ಒಂದು ಬೆಕ್ಕೋ ನಾಯಿಯೋ ಇರುದು. ಯಕ್ಷಗಾನದಲ್ಲಿ ಹಾಸ್ಯಗಾರ ಮಾಡುವ ಕೆಲಸವೂ ಸುಮಾರಿಗೆ ಅದೇ, ರಾಜನಿಗೂ ನಮಗೂ ಮಧ್ಯೆ ನಿಂತು ಮಾತಾಡುವವ. ನಂದಳಿಕೆಯ ಮುದ್ದಣನನ್ನೇ ತಕ್ಕೊಳ್ಳಿ, ಉಡುಪಿಯಲ್ಲಿ ಮೇಷ್ಟ್ರಾಗಿದ್ದವರು. ರಾಮಾಶ್ವಮೇಧ ಹೇಳ್ಲಿಕ್ಕೆ ಕೂತ್ರೆ ಮಧ್ಯೆ ಮಧ್ಯೆ ಮನೋರಮೆ ನಿಲ್ಲಿಸಿ ಪ್ರಶ್ನೆ ಕೇಳ್ತಾಳೆ, ಅರ್ಥ ಆಗದಿದ್ರೆ ಬಿಡುದಿಲ್ಲ. ಕಾದಂಬರಿಯನ್ನು ಮಕ್ಕಳಿಗೆ ಸಿನಿಮಾ ಮಾಡುವವರ ರೂಮಿನಲ್ಲಿ ಅಂಥ ಒಬ್ಬಳು ಮನೋರಮೆ ಕೂತಿರ್ಲೇಬೇಕು.

ಸೇರಿಸುದೂ ಒಂದು ಕೆಲಸವೇ. ಜಪಾನಿನ ಐಕೋ ಕಾದೋನೋ ಅವರ ಕಿಕಿ ಕಾದಂಬರಿ, 1985ರದ್ದು, ಪೊರಕೆ ಮೇಲೆ ಹಾರುವ ಮಾಟಗಾತಿ ಹುಡುಗಿ ಕಿಕಿಯ ಸಣ್ಣ ಸಣ್ಣ ಘಟನೆಗಳ ಸಾಲು. ಅಲ್ಲಿನ ಆನಿಮೇಷನ್ ನಿರ್ದೇಶಕ ಮಿಯಾಝಾಕಿ 1989ರಲ್ಲಿ ಸಿನಿಮಾ ಮಾಡುವಾಗ ಪುಸ್ತಕದಲ್ಲಿ ಇಲ್ಲದ್ದನ್ನು ತಂದ್ರು, ಹುಡುಗಿಗೆ ಮಧ್ಯದಲ್ಲಿ ಹಾರ್ಲಿಕ್ಕೇ ಆಗುದಿಲ್ಲ, ಬೆಕ್ಕಿನ ಮಾತೂ ತಿಳಿಯುದಿಲ್ಲ. ಮನೆ ಬಿಟ್ಟು ಬೇರೆ ಊರಿಗೆ ಬಂದ ಹದಿಮೂರು ವರ್ಷದ ಹುಡುಗಿಯ ಸುಸ್ತು ಅದು, ಸೇರಿಸಿದ್ದರಿಂದ ಆ ನೋವು ಇನ್ನೂ ಎದ್ದು ಕಂಡಿತು.

[ಕುಮಾರಪರ್ವತದ ಸಾಲು. ಜೀರುಂಡೆ ಶಬ್ದ]

ಈಗ ನಮ್ಮದಕ್ಕೆ ಬರುವ. ಕೋಟದ ಶಿವರಾಮ ಕಾರಂತರು 1943ರಲ್ಲಿ ಬರೆದ ಬೆಟ್ಟದ ಜೀವ. ಪಿ. ಶೇಷಾದ್ರಿಯವರು ಇದನ್ನು ಸಿನಿಮಾ ಮಾಡಿದ್ದಾರೆ, ದತ್ತಣ್ಣ ಗೋಪಾಲಯ್ಯ ಆಗಿದ್ರು, ಪರಿಸರ ಸಿನಿಮಾ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ನಾನು ಹೇಳುದು ಮಕ್ಕಳ ಆನಿಮೇಷನ್.

ಕಥೆ ಗೊತ್ತಿಲ್ಲದವರಿಗೆ: ಸುಬ್ರಹ್ಮಣ್ಯದ ಕಡೆ ಕಾಡಿನಲ್ಲಿ ದಾರಿ ತಪ್ಪಿದ ಒಬ್ಬರಿಗೆ ದೇರಣ್ಣ, ಬಟ್ಯ ಅಂತ ಇಬ್ಬರು ಸಿಕ್ಕಿ ಗೋಪಾಲಯ್ಯ, ಶಂಕರಮ್ಮ ಅಂತ ಮುದಿ ದಂಪತಿಯ ಮನೆಗೆ ಕರ್ಕೊಂಡು ಹೋಗ್ತಾರೆ. ಬಂದವರನ್ನು ಇವತ್ತು ಬಿಡುದಿಲ್ಲ, ನಾಳೆ ಬಿಡುದಿಲ್ಲ ಅಂತ ಉಪಚಾರ. ಕಾಡು ಕಡಿದು ತೋಟ ಮಾಡಿದ ಮನುಷ್ಯ, ಎಷ್ಟು ಉತ್ಸಾಹ ಅಂದ್ರೆ ಜೊತೆಗೆ ನಡೀಲಿಕ್ಕೆ ಪ್ರಾಯದವರಿಗೇ ಕಷ್ಟ. ಆದ್ರೆ ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ಆ ಉಪಚಾರದ ಹಿಂದೆ ಇರುವ ನೋವು ಅದು.

ಮಕ್ಕಳಿಗೆ ಇದ್ರಲ್ಲಿ ಎಂತ ಉಂಟು ಅಂತ ಕೇಳಬಹುದು. ಹುಲಿ ಉಂಟು, ಮಳೆಕಾಡು ಉಂಟು. ಮಾತು ಜಾಸ್ತಿ, ಹೌದು, ಮುಕ್ಕಾಲು ಭಾಗ ತೆಗೀಬೇಕಾದೀತು. ಕಣ್ಣು ಯಾರದ್ದು ಅಂತ ನಿರ್ಧಾರ ಮಾಡ್ಬೇಕು, ನಾನಾದ್ರೆ ಆ ಅತಿಥಿಯ ಜೊತೆ ಒಂಬತ್ತು ವರ್ಷದ ಒಂದು ಹುಡುಗಿಯನ್ನು ಕಳಿಸ್ತೇನೆ, ಪುಸ್ತಕದಲ್ಲಿ ಇಲ್ಲದವಳು. ಶಂಭುವಿನ ಬಗ್ಗೆ ದೊಡ್ಡವರು ಸುತ್ತಿ ಬಳಸಿ ಮಾತಾಡುವಾಗ ನೇರ ಕೇಳ್ಲಿಕ್ಕೆ ಒಂದು ಮಗುವಿಗೆ ಮಾತ್ರ ಆಗ್ತದೆ, ಅಜ್ಜಿ ನಿಮ್ಮ ಮಗ ಎಲ್ಲಿ ಅಂತ. ಆ ಪ್ರಶ್ನೆ ಆದ ಮೇಲೆ ಒಂದು ಹತ್ತು ಸೆಕೆಂಡು ಮ್ಯೂಸಿಕ್ ಹಾಕಬೇಡಿ ದಯವಿಟ್ಟು.

ಮತ್ತೆ ಗೋಪಾಲಯ್ಯನನ್ನು ಇವತ್ತಿನ ಪರಿಸರ ಹೋರಾಟಗಾರ ಮಾಡ್ಬೇಡಿ. ಅವರು ಕಾಡು ಕಡಿದವರು, ಕಾಡನ್ನು ಪ್ರೀತಿಸಿದವರೂ ಹೌದು. ಮರ ಕಡಿಯುದು ತಪ್ಪು ಅಂತ ಶಾಲೆಯಲ್ಲಿ ಕಲಿತ ಮಗು ಇವರನ್ನು ನೋಡಿ ಗಲಿಬಿಲಿ ಆಗ್ಲಿ, ಮನೆಗೆ ಬಂದು ಕೇಳ್ಲಿ, ಆ ಗಲಿಬಿಲಿ ಅವರಿಗೆ ತಡ್ಕೊಳ್ಳಿಕ್ಕೆ ಆಗ್ತದೆ.

ಬಣ್ಣವೂ ಹಾಗೆ. ಎಲ್ಲ ಕಾರ್ಟೂನಿನಲ್ಲಿ ಇರುವ ಆ ಗಿಳಿಹಸಿರು ನಮ್ಮ ಕಾಡಲ್ಲ. ಮಧ್ಯಾಹ್ನವೇ ಕತ್ತಲಾದ ಹಾಗಿರುವ ಅಡಿಕೆ ತೋಟ, ಪಾಚಿ ಹಿಡಿದು ಕಪ್ಪಾದ ಮುರಕಲ್ಲು, ಹೊಸದಾಗಿ ಕಡಿದಲ್ಲಿ ಕೆಂಪು, ಕಾಲಿಗೆ ಹತ್ತುವ ಇಂಬಳ. ಸ್ವಿಸ್ ಬೆಟ್ಟದ ಹುಡುಗಿಯ ಕಥೆ ಹೈದಿಯನ್ನು 1974ರಲ್ಲಿ ಸೀರಿಯಲ್ ಮಾಡುವ ಮೊದಲು ಜಪಾನಿನ ನಿರ್ದೇಶಕ ತಕಾಹಾತಾ ಮತ್ತೆ ಅವರ ತಂಡ ಸ್ವಿಟ್ಜರ್ಲೆಂಡಿಗೇ ಹೋಗಿ ನೋಡ್ಕೊಂಡು ಬಂದ್ರು, ನಮಗೆ ಸುಬ್ರಹ್ಮಣ್ಯಕ್ಕೆ ಹೋಗ್ಲಿಕ್ಕೆ ಮಂಗಳೂರಿಂದ ಬಸ್ಸುಂಟು. ಮಾತೂ ನಮ್ಮದೇ ಇರ್ಲಿ. ಸಿನಿಮಾಗಳಲ್ಲಿ ಮಂಗಳೂರು ಕನ್ನಡ ಬಂದ್ರೆ ಅದು ನಗಾಡ್ಲಿಕ್ಕೆ ಇಟ್ಟ ಪಾತ್ರ ಅಂತ ಆಗಿದೆ, ನನಗೆ ಅದು ತುಂಬ ಬೇಸರ. ಇಲ್ಲಿ ದುಃಖವೂ ಅದೇ ಕನ್ನಡದಲ್ಲಿ ಬರ್ಬೇಕು, ದೇರಣ್ಣ, ಬಟ್ಯರ ಬಾಯಲ್ಲಿ ತುಳುವೂ ಬರ್ಲಿ.

ದುಡ್ಡಿನ ಮಾತು ಬರ್ತದೆ, ಬರ್ಲೇಬೇಕು. ಲಾಟ್ವಿಯಾದ ಫ್ಲೋ ಸಿನಿಮಾ ಬ್ಲೆಂಡರ್ ಅಂತ ಫ್ರೀ ಸಾಫ್ಟ್‌ವೇರಲ್ಲಿ ಮಾಡಿದ್ದು, 2025ರಲ್ಲಿ ಆಸ್ಕರ್ ಬಂತು. ಬೆಂಗಳೂರಿನ ರವಿಶಂಕರ್ ಅವರು ನಮ್ಮ ಗೋವಿನ ಹಾಡನ್ನೇ ಪುಣ್ಯಕೋಟಿ ಅಂತ ಸಂಸ್ಕೃತದಲ್ಲಿ ಆನಿಮೇಷನ್ ಮಾಡಿದ್ರು, ಜನರಿಂದ ಹಣ ಸೇರಿಸಿ. ಆಗುದೇ ಇಲ್ಲ ಅಂತ ಇಲ್ಲ.

ಹಕ್ಕಿನ ವಿಷಯ ಮಾತ್ರ ಸರಿಯಾಗಿ ತಿಳ್ಕೊಳ್ಳಿ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಹೋದ ಮೇಲೆ 60 ವರ್ಷ ಕಾಪಿರೈಟ್ ಇರ್ತದೆ. ಕಾರಂತರು ಹೋದದ್ದು 1997ರಲ್ಲಿ, ಅಂದ್ರೆ 2057ರ ಕೊನೆಯವರೆಗೆ ಅವರ ಮನೆಯವರ ಅನುಮತಿ ಬೇಕು. 1901ರಲ್ಲಿ ಹೋದ ಮುದ್ದಣ, 1937ರಲ್ಲಿ ಹೋದ ಪಂಜೆ ಮಂಗೇಶರಾಯರು, ಇವರ ಬರಹಕ್ಕೆ ಆ ತೊಡಕಿಲ್ಲ. ಕೈ ಪಳಗಿಸ್ಲಿಕ್ಕೆ ಪಂಜೆಯವರ ಮಕ್ಕಳ ಕಥೆಯಿಂದ ಶುರು ಮಾಡಿ, ಅನುಮತಿ ಸಿಕ್ಕಿದ ಮೇಲೆ ಬೆಟ್ಟದ ಜೀವದ ಒಂದೇ ಸೀನ್, ದಾರಿ ತಪ್ಪಿದವರು, ಕತ್ತಲಾಗ್ತಾ ಬರುದು, ದೇರಣ್ಣ ಬಟ್ಯ ಸಿಕ್ಕುದು. ಎರಡು ನಿಮಿಷ. 2,880 ಫ್ರೇಮ್, ಚಿತ್ರ 1,440. ಮಂಗಳೂರು ಉಡುಪಿಯಲ್ಲಿ ಆನಿಮೇಷನ್ ಕಲೀತಾ ಇರುವ ನಾಲ್ಕೈದು ಜನ ಸೇರಿದ್ರೆ ಆಗುವ ಕೆಲಸ, ಸ್ಟೋರಿಬೋರ್ಡ್ ಹೇಗೆ ಒಡೆಯುದು ಅಂತ ಮುಂದಿನ ವಿಡಿಯೋದಲ್ಲಿ ಇದೇ ಸೀನ್ ಇಟ್ಕೊಂಡು ತೋರಿಸ್ತೇನೆ.

[ಎಂಡ್ ಕಾರ್ಡ್]